ರಕ್ತದ ವರದಿ: ಅಂಕಿಯೊಂದೇ ಸಾಲದು

ಕಾಡು ಇಲಿಗಳ ರಕ್ತ ಪರೀಕ್ಷಿಸುವಾಗ ಎರಡು ಸಂಗತಿ ಬರೆದಿಡಲೇಬೇಕು: ಮರಿಯೋ ಬಲಿತದ್ದೋ, ಗಂಡೋ ಹೆಣ್ಣೋ. ಬೆಳೆಯುವ ಮರಿಯ ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಹೆಚ್ಚಿರುತ್ತದೆ. ಮೂಳೆ ಕಟ್ಟುವ ಜೀವಕೋಶಗಳಿಂದ ಬರುವ ಈ ಕಿಣ್ವ, ಮೂಳೆ ಬಲಿತಂತೆ ಇಳಿಯುತ್ತದೆ. ಬಲಿತ ಇಲಿಯ ಅಳತೆಗೋಲಿನಲ್ಲಿ ಅಳೆದರೆ ಆರೋಗ್ಯವಂತ ಮರಿಯೂ ರೋಗಿಯಂತೆ ಕಾಣುತ್ತದೆ.

ಮನುಷ್ಯರಲ್ಲೂ ಹೀಗೆಯೇ. ಬೆಳೆಯುವ ಮಕ್ಕಳಲ್ಲಿ ಈ ಕಿಣ್ವ ದೊಡ್ಡವರಿಗಿಂತ ಎರಡು-ಮೂರು ಪಟ್ಟು ಇರಬಹುದು. ಇದೊಂದನ್ನೇ ನೋಡಿ ಮಗುವಿನ ಯಕೃತ್ತು ಕೆಟ್ಟಿದೆಯೆಂದು ಗಾಬರಿಪಡಬೇಡಿ.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಕ್ರಿಯಾಟಿನಿನ್ ಸ್ನಾಯುಗಳಿಂದ ಹುಟ್ಟುವ ತ್ಯಾಜ್ಯ. ಮೂತ್ರಪಿಂಡಗಳು ಅದನ್ನು ಹೊರಹಾಕುತ್ತವೆ. ಗಂಡಸರಿಗೆ ಸ್ನಾಯು ಹೆಚ್ಚು, ಆದ್ದರಿಂದ ಅಂಕಿಯೂ ಹೆಚ್ಚು. 100 ಮಿ.ಲೀ. ರಕ್ತದಲ್ಲಿ 1 ಮಿ.ಗ್ರಾಂ ಎಂಬುದು 25ರ ಯುವಕನಿಗೆ ಸಹಜ. ಸ್ನಾಯು ಕರಗಿದ 80ರ ಅಜ್ಜಿಯಲ್ಲಿ ಅದೇ ಅಂಕಿ ಮೂತ್ರಪಿಂಡದ ಶಕ್ತಿ ಕುಂದಿರುವುದರ ಸೂಚನೆಯಾಗಬಹುದು. ಆಗ ಕೆಲವು ಔಷಧಿಗಳ ಪ್ರಮಾಣ ತಗ್ಗಿಸಬೇಕಾಗುತ್ತದೆ.

ಆದ್ದರಿಂದ ಪ್ರಯೋಗಾಲಯದ ಚೀಟಿಯಲ್ಲಿ ವಯಸ್ಸು, ಲಿಂಗ ಸರಿಯಾಗಿ ಬರೆಸಿ. ಕ್ರಿಯಾಟಿನಿನ್ ಜೊತೆಗೆ ಇ-ಜಿಎಫ್‌ಆರ್ ಲೆಕ್ಕವನ್ನೂ ಕೇಳಿ ಪಡೆಯಿರಿ. ಮನೆಯಲ್ಲಿ ಒಬ್ಬರ ವರದಿಯನ್ನು ಮತ್ತೊಬ್ಬರದಕ್ಕೆ ಹೋಲಿಸಬೇಡಿ, ವೈದ್ಯರಿಗೆ ತೋರಿಸಿ.