ಡೇರೆ ಸೇರಿದ ಮಗು: ಕಿಶೋರ ಕಾದಂಬರಿಯ ಒಂದು ಬಗೆಯ ಪರಿಚಯ

ಕಾದಂಬರಿ ಓದುವ ರೂಢಿ ನಿಮಗೆ ಇಲ್ಲದಿದ್ದರೂ ಅಡ್ಡಿಯಿಲ್ಲ. ಸರ್ಕಸ್ಸನ್ನು ಒಮ್ಮೆಯೂ ನೋಡಿಲ್ಲದಿದ್ದರೂ ಅಡ್ಡಿಯಿಲ್ಲ. ಹದಿಮೂರು, ಹದಿನೈದರ ವಯಸ್ಸಿನಲ್ಲಿ ತನ್ನವರನ್ನು ಕಳೆದುಕೊಂಡ ಮಗುವಿನ ಮನಸ್ಸು ಏನಾಗುತ್ತದೆ ಎಂದು ತಿಳಿಯುವ ಆಸೆ ಇದ್ದರೆ ಸಾಕು. ದುಃಖದಲ್ಲಿರುವ ಹುಡುಗನೋ ಹುಡುಗಿಯೋ ಮನೆ ಬಿಟ್ಟು ಸರ್ಕಸ್ಸಿನ ಡೇರೆಯನ್ನು ಸೇರುವ ಕತೆಗಳು ಜಗತ್ತಿನ ಅನೇಕ ಭಾಷೆಗಳಲ್ಲಿವೆ. ಆ ಕತೆಗಳನ್ನು ಓದುವುದು ಹೇಗೆ, ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಓದುಗರಾದ ನಿಮಗೆ ಅವು ಎಲ್ಲಿ ಹತ್ತಿರವಾಗುತ್ತವೆ, ಎಲ್ಲಿ ದೂರ ಉಳಿಯುತ್ತವೆ ಎಂಬುದನ್ನು ನಿಧಾನವಾಗಿ ನೋಡೋಣ.

ಮೊದಲು ಕಿಶೋರ ಕಾದಂಬರಿ ಎಂದರೇನು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳೋಣ. ಸುಮಾರು ಹನ್ನೆರಡರಿಂದ ಹದಿನೆಂಟು ವರ್ಷದವರೆಗಿನ ಓದುಗರಿಗಾಗಿ, ಅದೇ ವಯಸ್ಸಿನವರನ್ನು ಕತೆಯ ನಡುವೆ ಇಟ್ಟು ಬರೆದ ಕಾದಂಬರಿ ಇದು. ಪುಟ್ಟ ಮಕ್ಕಳ ಕತೆಯಲ್ಲಿ ತೊಂದರೆ ಬಂದರೆ ಕೊನೆಗೆ ದೊಡ್ಡವರು ಬಂದು ಬಿಡಿಸುತ್ತಾರೆ. ಕಿಶೋರ ಕಾದಂಬರಿಯಲ್ಲಿ ಹಾಗಲ್ಲ. ಅಲ್ಲಿ ಮಗು ಮೊದಲ ಬಾರಿಗೆ ತಾನೇ ಒಂದು ತೀರ್ಮಾನ ಮಾಡುತ್ತದೆ, ಅದರ ಬೆಲೆಯನ್ನೂ ತಾನೇ ತೆರುತ್ತದೆ. ಕನ್ನಡದಲ್ಲಿ ಈ ಸಾಲು ಇನ್ನೂ ಚಿಕ್ಕದು, ಆದರೆ ಜೀವಂತವಾಗಿದೆ. ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ ಎಂಬ ಮಕ್ಕಳ ಕಾದಂಬರಿಗೆ 2021ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ. ಮನೆ ಬಿಟ್ಟು ಹೊರಟ ಮಗುವಿನ ಬಗ್ಗೆ ಕನ್ನಡದಲ್ಲಿ ಓದಬಯಸುವವರು ಅಲ್ಲಿಂದ ತೊಡಗಬಹುದು.

ಇನ್ನು ದುಃಖದ ವಿಷಯ. ಸಾವಿನ ಮನೆಯಲ್ಲಿ ಹದಿನಾಲ್ಕರ ಮಗುವಿಗೆ ಸರಿಯಾದ ಜಾಗ ಇರುವುದಿಲ್ಲ ಎಂಬುದನ್ನು ನೀವೂ ಗಮನಿಸಿರಬಹುದು. ಚಿಕ್ಕವರನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ, ದೊಡ್ಡವರು ಒಬ್ಬರ ಹೆಗಲಿಗೆ ಒಬ್ಬರು ಒರಗಿ ಅಳುತ್ತಾರೆ. ನಡುವಿನ ಈ ಮಗುವಿಗೆ ಮಾತ್ರ ನೀನು ಗಟ್ಟಿಯಾಗಿರಬೇಕು, ತಮ್ಮ ತಂಗಿಯನ್ನು ನೋಡಿಕೊಳ್ಳಬೇಕು ಎಂದು ಹೇಳುತ್ತಾರೆ. ಬಂಧುಗಳು ದಿನಕರ್ಮ ಮುಗಿಸಿ ತಮ್ಮ ಊರಿಗೆ ಮರಳಿದ ಮೇಲೆ ಮನೆ ಬರಿದಾಗುತ್ತದೆ. ಕಿಶೋರ ಕಾದಂಬರಿಯ ಮೊದಲ ಪುಟ ಅನೇಕ ಸಲ ತೆರೆಯುವುದು ಈ ಬರಿದಾದ ಮನೆಯಲ್ಲಿ.

ಹಾಗಾದರೆ ಆ ಮಗು ಸರ್ಕಸ್ಸನ್ನೇ ಏಕೆ ಸೇರಬೇಕು? ಬಣ್ಣ, ದೀಪ, ಚಪ್ಪಾಳೆ ಎಂದು ಥಟ್ಟನೆ ಉತ್ತರ ಬರುತ್ತದೆ. ನನ್ನ ಮಟ್ಟಿಗೆ ಅದು ತಪ್ಪು ಉತ್ತರ. ಡೇರೆಯಲ್ಲಿ ಕೈಗೆ ಕೆಲಸ ಸಿಗುತ್ತದೆ ಎಂಬುದೇ ನಿಜವಾದ ಕಾರಣ. ಗೂಟ ಹೊಡೆಯಬೇಕು, ಹಗ್ಗ ಬಿಗಿಯಬೇಕು, ಕಂಬ ನಿಲ್ಲಿಸಬೇಕು, ಆಟ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಲಾರಿಗೆ ತುಂಬಬೇಕು. ಅಲ್ಲಿ ಯಾರೂ ಸತ್ತವರನ್ನು ಕಂಡವರಲ್ಲ, ಹಾಗಾಗಿ ಕನಿಕರದ ಕಣ್ಣಿನಿಂದ ನೋಡುವವರೂ ಇಲ್ಲ. ಜೂಲಾ, ಅಂದರೆ ಡೇರೆಯ ಎತ್ತರದಲ್ಲಿ ತೂಗುವ ಉಯ್ಯಾಲೆ, ಅದನ್ನು ಕಲಿಯುವವರಿಗೆ ಒಂದು ಕ್ಷಣವೂ ಮನಸ್ಸು ಬೇರೆಡೆ ಹೋಗುವಂತಿಲ್ಲ. ತಿಂಗಳುಗಟ್ಟಲೆ ಒಂದೇ ನೆನಪಿನಲ್ಲಿ ಸಿಕ್ಕಿಕೊಂಡಿದ್ದ ಮನಸ್ಸಿಗೆ ಆ ಎಚ್ಚರವೇ ಮೊದಲ ಬಿಡುವು. ಒಳ್ಳೆಯ ಲೇಖಕರು ಇದನ್ನು ಬಲ್ಲರು. ಅವರ ಪುಸ್ತಕದಲ್ಲಿ ದುಃಖ ವಾಸಿಯಾಗುವುದಿಲ್ಲ, ಕೆಲಸದ ಪಕ್ಕದಲ್ಲಿ ಕುಳಿತುಕೊಳ್ಳಲು ಕಲಿಯುತ್ತದೆ.

ಎರಡು ಹಳೆಯ ಉದಾಹರಣೆಗಳನ್ನು ಕೊಡುತ್ತೇನೆ. ಫ್ರಾನ್ಸಿನ ಹೆಕ್ಟರ್ ಮಾಲೊ 1878ರಲ್ಲಿ ಒಂದು ಕಾದಂಬರಿ ಪ್ರಕಟಿಸಿದರು. ಅದರ ನಾಯಕ ರೆಮಿ, ಎತ್ತಿ ಸಾಕಿದ ಹುಡುಗ. ಸಾಕಿದವನೇ ಅವನನ್ನು ಬೀದಿಬೀದಿಯಲ್ಲಿ ನಾಯಿ, ಕೋತಿಗಳ ಆಟ ತೋರಿಸುವ ವಿಟಾಲಿಸ್ ಎಂಬ ಮುದುಕನಿಗೆ ಹಣಕ್ಕೆ ಒಪ್ಪಿಸುತ್ತಾನೆ. ರೆಮಿ ಆ ಮುದುಕನನ್ನು ತಂದೆಯಂತೆ ಹಚ್ಚಿಕೊಂಡ ಮೇಲೆ, ಕತೆಯ ನಡುವಿನಲ್ಲೇ ಮುದುಕ ತೀರಿಕೊಳ್ಳುತ್ತಾನೆ. ಎರಡನೆಯದು ಇಂಗ್ಲೆಂಡಿನ ನೋಯೆಲ್ ಸ್ಟ್ರೆಟ್‌ಫೀಲ್ಡ್ 1938ರಲ್ಲಿ ಬರೆದದ್ದು. ಸಾಕುತ್ತಿದ್ದ ಅತ್ತೆ ಸತ್ತಾಗ ಅನಾಥ ಅಣ್ಣತಂಗಿಯರು ಸರ್ಕಸ್ಸಿನಲ್ಲಿರುವ ಚಿಕ್ಕಪ್ಪನನ್ನು ಹುಡುಕಿಕೊಂಡು ಓಡುತ್ತಾರೆ. ಸರ್ಕಸ್ಸಿನ ಮಕ್ಕಳಿಗೆಲ್ಲ ಒಂದೊಂದು ಕಸುಬು ಗೊತ್ತು, ತಮಗೆ ಏನೂ ಗೊತ್ತಿಲ್ಲ ಎಂಬುದು ಇವರಿಗೆ ಅಲ್ಲಿಗೆ ಹೋದ ಮೇಲೆ ತಿಳಿಯುತ್ತದೆ. ಆ ಪುಸ್ತಕದಲ್ಲಿ ನನಗೆ ಬಹಳ ಇಷ್ಟವಾದದ್ದು ಆ ನಾಚಿಕೆ. ದುಃಖಿಯನ್ನು ಯಾರೂ ಮುದ್ದಿಸುವುದಿಲ್ಲ, ಕಲಿ ಎನ್ನುತ್ತಾರೆ.

ಈ ಕತೆಯನ್ನು ಹಾಗೆಯೇ ತಂದು ನಮ್ಮ ನೆಲದಲ್ಲಿ ನೆಟ್ಟರೆ ಒಂದು ತೊಡಕಿದೆ. ಅಲ್ಲಿನ ಓದುಗನಿಗೆ ಮನೆ ಬಿಟ್ಟು ಹೋಗುವುದು ಸಾಹಸ. ಮಸ್ಕಿ, ಲಿಂಗಸುಗೂರಿನ ಮಳೆಯಾಶ್ರಿತ ಹಳ್ಳಿಗಳ ಮಗುವಿಗೆ ಊರು ಬಿಡುವುದು ಎಂದರೆ ಗುಳೆ: ಹೊಲದಲ್ಲಿ ಕೆಲಸವಿಲ್ಲದಾಗ ಅಪ್ಪ ಅವ್ವ ಗಂಟುಮೂಟೆ ಕಟ್ಟಿ ಬೆಂಗಳೂರಿನಂಥ ನಗರಗಳ ಕಟ್ಟಡ ಕೆಲಸಕ್ಕೆ ಹೋಗುವುದು, ಮಕ್ಕಳು ಅಜ್ಜಿಯ ಬಳಿ ಉಳಿಯುವುದು. ಪಕ್ಕದ ಸಿಂಧನೂರಿಗೆ ತುಂಗಭದ್ರೆಯ ಎಡದಂಡೆ ಕಾಲುವೆ ಬಂದು ಭತ್ತದ ಗದ್ದೆಗಳಾದವು, ಹೊರಗಿನವರೇ ಬಂದು ನೆಲೆಸಿದರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳ ಕ್ಯಾಂಪುಗಳೂ ಅದೇ ತಾಲ್ಲೂಕಿನಲ್ಲಿವೆ. ಹೀಗೆ ಹೋಗುವವರನ್ನೂ ಬರುವವರನ್ನೂ ನೋಡುತ್ತ ಬೆಳೆದ ಮಗುವಿಗೆ, ಅಲೆದಾಟವೇ ಸಂಭ್ರಮ ಎಂದು ಹೇಳುವ ಪುಸ್ತಕ ಹುಸಿ ಎನಿಸಿದರೆ ಆಶ್ಚರ್ಯವಿಲ್ಲ. ಇಲ್ಲಿ ಇಂಥ ಕತೆ ಬರೆಯುವವರು ಹಿಂದೆ ಉಳಿದ ಅಜ್ಜಿಗೂ ಒಂದಿಷ್ಟು ಪುಟ ಕೊಡಲೇಬೇಕು.

ಮತ್ತೊಂದು ಮಾತು. ಭಾರತದ ಸರ್ಕಸ್ ನಮ್ಮ ಎರಡು ಪಕ್ಕದಲ್ಲಿ ಬೆಳೆದದ್ದು. 1880ರಲ್ಲಿ ವಿಷ್ಣುಪಂತ ಛತ್ರೆ ಎಂಬ ಮರಾಠಿ ಕುದುರೆ ಸವಾರ ಮೊದಲ ಭಾರತೀಯ ಸರ್ಕಸ್ ಕಟ್ಟಿದರು. ಆಮೇಲೆ ಕೀಲೇರಿ ಕುಂಞಿಕಣ್ಣನ್ ಕೇರಳದ ತಲಶ್ಶೇರಿಯಲ್ಲಿ ಕಲಾವಿದರನ್ನು ತಯಾರು ಮಾಡಿದರು. ಕನ್ನಡದ ಮಕ್ಕಳನ್ನು ಮನೆಯಿಂದ ಸೆಳೆದ ಡೇರೆ ಮಾತ್ರ ಬೇರೆಯದು, ಅದು ನಾಟಕ ಕಂಪನಿಯ ಡೇರೆ. ಊರಿಂದೂರಿಗೆ ಹೋಗಿ, ಒಂದೊಂದು ಊರಿನಲ್ಲಿ ವಾರಗಟ್ಟಲೆ ಮೊಕ್ಕಾಂ ಹೂಡಿ, ಟಿಕೆಟ್ ಇಟ್ಟು ಆಡುವ ವೃತ್ತಿ ತಂಡಕ್ಕೆ ಕಂಪನಿ ಎನ್ನುತ್ತಾರೆ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿ ಅವುಗಳಲ್ಲಿ ಹೆಸರಾದದ್ದು. 1934ರ ‘ಕುರುಕ್ಷೇತ್ರ’ ನಾಟಕದಲ್ಲಿ ಅದು ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ದಕ್ಷಿಣ ಕನ್ನಡದ ಮಂಚಿಯ ಹುಡುಗನೊಬ್ಬ ಮನೆಯಿಂದ ಓಡಿಬಂದು ಸೇರಿಕೊಂಡದ್ದು ಇದೇ ಕಂಪನಿಯನ್ನು. ಮುಂದೆ ಅವರು ರಂಗನಿರ್ದೇಶಕ ಬಿ.ವಿ. ಕಾರಂತರಾದರು. ಲೇಖಕಿ ವೈದೇಹಿ ನಿರೂಪಿಸಿದ ಅವರ ಆತ್ಮಕಥನ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಕಾದಂಬರಿಯಲ್ಲ, ಆದರೂ ಕಂಪನಿ ಸೇರಿದ ಹುಡುಗನ ಮನಸ್ಸನ್ನು ತಿಳಿಯಲು ಕಾದಂಬರಿಗಿಂತ ಹೆಚ್ಚು ನೆರವಾಗುತ್ತದೆ.

ಆದರೆ ಕಾರಂತರದು ಹಂಬಲದ ಕತೆ. ದುಃಖ ಮತ್ತು ಡೇರೆ ನಿಜವಾಗಿ ಒಂದೆಡೆ ಸೇರಿದ್ದು ಗದಗಿನಲ್ಲಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪಂಚಾಕ್ಷರಿ ಗವಾಯಿಗಳು (1892–1944) ಅಂಧ ಸಂಗೀತಗಾರರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಕಲಿತು ಬೆಳೆದವರು. ಅಂಧರು, ಅನಾಥರು, ಬಡವರಾದ ಮಕ್ಕಳನ್ನು ಸೇರಿಸಿಕೊಂಡು ಊರೂರು ಸಂಚರಿಸುವ ಸಂಗೀತ ಶಾಲೆಯನ್ನು ನಡೆಸಿದರು. ಆ ಶಾಲೆ ಮುಂದೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. ಇಷ್ಟು ಮಕ್ಕಳ ಊಟ, ಬಟ್ಟೆ, ಪಾಠ ನಡೆಯಬೇಕಲ್ಲ, ಅದಕ್ಕೆ ಒಂದು ನಾಟಕ ಕಂಪನಿಯೂ ಇತ್ತು. ಮಕ್ಕಳು ಹಾಡಿದರು, ನುಡಿಸಿದರು, ಪಾತ್ರ ಮಾಡಿದರು, ಬಂದ ಹಣದಲ್ಲಿ ಎಲ್ಲರೂ ಉಂಡು ಕಲಿತರು.

ಆ ಮಕ್ಕಳಲ್ಲಿ ಒಬ್ಬರು ಪುಟ್ಟರಾಜ ಗವಾಯಿಗಳು. 1914ರಲ್ಲಿ ಹಾವೇರಿ ಸೀಮೆಯ ದೇವಗಿರಿಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ಕಣ್ಣು ಹೋಯಿತು, ತಂದೆ ತಾಯಿಯೂ ಹೋದರು. ಸೋದರಮಾವ ಸಾಕಿದರು, ಹುಡುಗನ ಸಂಗೀತದ ಒಲವನ್ನು ಗುರುತಿಸಿ ಪಂಚಾಕ್ಷರಿ ಗವಾಯಿಗಳ ಬಳಿಗೆ ಕಳುಹಿಸಿದರು. ಹುಡುಗ ಗಾಯನ ಕಲಿತ, ಹಾರ್ಮೋನಿಯಂ, ತಬಲಾ, ಪಿಟೀಲು ಹೀಗೆ ಒಂದಾದ ಮೇಲೊಂದು ವಾದ್ಯ ಕಲಿತ, ಬೆಳೆದ ಮೇಲೆ ನಾಟಕಗಳನ್ನೇ ಬರೆದ. 1944ರಲ್ಲಿ ಗುರುಗಳು ತೀರಿಕೊಂಡಾಗ ಪುಟ್ಟರಾಜರಿಗೆ ಮೂವತ್ತು ವರ್ಷ. ಅನಾಥನಾಗಿ ಬಂದವರು ಅಂದಿನಿಂದ ನೂರಾರು ಅನಾಥರ ಹೊಣೆ ಹೊತ್ತರು, 2010ರಲ್ಲಿ ತಾವು ತೀರಿಕೊಳ್ಳುವವರೆಗೂ ಹೊತ್ತರು. ನಾನು ಹೇಳುತ್ತಿರುವ ಕತೆಯ ಎಲ್ಲ ಅಂಗಗಳೂ ಇಲ್ಲಿವೆ: ಕಳೆದುಕೊಳ್ಳುವುದು, ಅಲೆಯುವ ತಂಡ, ಕಠಿಣ ಕಲಿಕೆ, ಎರಡನೆಯ ಸಾವು, ಆಮೇಲೂ ಮಾಡಲೇಬೇಕಾದ ಕೆಲಸ. ಆ ತಂಡದಲ್ಲಿದ್ದ ಹದಿನಾಲ್ಕರ ಒಂದು ಅಂಧ ಮಗುವಿನ ಕಡೆಯಿಂದ ನೋಡಿ. ಪರದೆ ಎದ್ದದ್ದು ಅವನಿಗೆ ಹೇಗೆ ತಿಳಿಯುತ್ತದೆ? ಜನ ತುಂಬಿದ್ದಾರೆಂದು ಯಾವ ಸದ್ದಿನಿಂದ ಗೊತ್ತಾಗುತ್ತದೆ? ಈ ಪ್ರಶ್ನೆಗಳಿಂದ ತೊಡಗುವ ಕಿಶೋರ ಕಾದಂಬರಿಯೊಂದನ್ನು ಓದುವ ಆಸೆ ನನಗೆ ಬಹಳವಿದೆ.

ಇಂದಿನ ಕಾಲದಲ್ಲಿ ನಡೆಯುವ ಕತೆಯನ್ನು ಓದುವಾಗ ನೀವು ಕೆಲವು ಕಾನೂನುಗಳನ್ನು ತಿಳಿದಿರಬೇಕು. ಸರ್ಕಸ್ಸಿನ ಮಕ್ಕಳ ದುಡಿಮೆ, ಹಿಂಸೆ, ಸಾಗಾಟದ ಬಗ್ಗೆ ಬಚ್‌ಪನ್ ಬಚಾವೊ ಆಂದೋಲನ ಎಂಬ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಏಪ್ರಿಲ್‌ನಲ್ಲಿ ಬಂದ ತೀರ್ಪು ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಲು ಹೇಳಿತು. ಬಾಲಕಾರ್ಮಿಕ ಕಾನೂನಿನ 2016ರ ತಿದ್ದುಪಡಿ ಮಕ್ಕಳು ಸಿನಿಮಾ, ಟಿ.ವಿ.ಯಲ್ಲಿ ಕಲಾವಿದರಾಗಿ ಭಾಗವಹಿಸಲು ಷರತ್ತಿನ ಮೇಲೆ ಅವಕಾಶ ಕೊಟ್ಟಿತು, ಸರ್ಕಸ್ಸನ್ನು ಮಾತ್ರ ಹೊರಗಿಟ್ಟಿತು. ಹುಲಿ, ಸಿಂಹ, ಕರಡಿ, ಚಿರತೆ, ಕೋತಿಗಳ ಪ್ರದರ್ಶನವನ್ನು 1998ರ ಅಧಿಸೂಚನೆ ತಡೆದಿತ್ತು, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಈಗಿನ ಕಾಲದ ಕತೆಯಲ್ಲಿ ಹದಿಮೂರರ ಹುಡುಗಿ ಯಾವ ಅಂಜಿಕೆಯೂ ಇಲ್ಲದೆ ಜೂಲಾದಲ್ಲಿ ತೂಗುತ್ತಿದ್ದರೆ, ಲೇಖಕರು ಆ ಮಕ್ಕಳ ನೋವನ್ನು ಮರೆತಿದ್ದಾರೆ ಎಂದೇ ಅರ್ಥ. ನಾಯಕಿಗೆ ಹದಿನೆಂಟು ತುಂಬಿಸಬಹುದು, ಅಥವಾ ಡೇರೆಯಲ್ಲಿ ಮೋಸಹೋಗುವ ಭಯವನ್ನೂ ಕತೆಯೊಳಗೆ ತರಬಹುದು.

ಇನ್ನು ಓದಲು ಕುಳಿತಾಗ ಏನನ್ನು ಗಮನಿಸಬೇಕು? ಮೂರನೆಯ ಅಧ್ಯಾಯದಲ್ಲೇ ದುಃಖ ಕಾಣೆಯಾದರೆ ಅನುಮಾನಪಡಿ. ನಿಜವಾದ ದುಃಖ ಸಣ್ಣ ನೆಪದಿಂದ ಮರಳುತ್ತದೆ. ನಮ್ಮ ಕಡೆಯ ಮಗುವಾದರೆ ಡೇರೆಯ ಹಿಂದಿನ ಅಡುಗೆಯವಳು ಜೋಳದ ರೊಟ್ಟಿ ಬಡಿಯುವ ಸದ್ದು ಸಾಕು, ಅವ್ವ ಎದುರಿಗೆ ಬಂದು ಕೂರುತ್ತಾಳೆ. ಜೂಲಾದ ದೃಶ್ಯ ಬಂದಾಗಲೂ ಎಚ್ಚರವಿರಲಿ. ಒಂದು ಕೋಲನ್ನು ಬಿಟ್ಟರೆ ತಾನೆ ಇನ್ನೊಂದು ಕೈ ಹಿಡಿಯಲಾಗುವುದು ಎಂಬ ಮಾತು ಸುಲಭವಾಗಿ ಸಿಗುತ್ತದೆ, ಬಹಳ ಲೇಖಕರು ಅದಕ್ಕೆ ಸೋಲುತ್ತಾರೆ. ಅಂಗೈಯ ಬೊಬ್ಬೆ, ಬೀಳುವಾಗ ಬಲೆಯಲ್ಲಿ ತರಚುವ ಮೊಣಕೈ ಇವುಗಳನ್ನು ಬರೆದವರನ್ನು ನಾನು ಹೆಚ್ಚು ನಂಬುತ್ತೇನೆ.

ಓದಿದ ಮೇಲೆ ಬರೆಯುವ ಮನಸ್ಸಾದರೆ ಹೀಗೆ ಮಾಡಿ. ಸಿಂಧನೂರು ತಾಲ್ಲೂಕಿನ ಅಂಬಾಮಠದ ಜಾತ್ರೆಗೋ, ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರನ ಜಾತ್ರೆಗೋ, ಸಾಧ್ಯವಾದರೆ ನಾಟಕ ಕಂಪನಿಗಳ ದೊಡ್ಡ ನೆಲೆಯಾದ ಬಾದಾಮಿಯ ಬನಶಂಕರಿ ಜಾತ್ರೆಗೋ ಹೋಗಿ. ಅಲ್ಲಿ ಆಟದ ಡೇರೆಯೋ ನಾಟಕದ ಡೇರೆಯೋ ಕಂಡರೆ, ಆಟ ಆರಂಭವಾಗುವ ಒಂದು ತಾಸು ಮುಂಚೆ ಅದರ ಬಳಿ ನಿಂತು ಯಾರು ಯಾವ ಕೆಲಸ ಮಾಡುತ್ತಾರೆಂದು ನೋಡಿ. ಮನೆಗೆ ಬಂದು ನಿಮ್ಮ ಪಾತ್ರದ ಮೊದಲ ದಿನವನ್ನು ಒಂದು ಪುಟದಲ್ಲಿ ಬರೆಯಿರಿ. ಯಾರೋ ಹೆಸರು ಕೇಳದೆ, ಆ ಹಗ್ಗ ಹಿಡಿ ಎನ್ನುತ್ತಾರೆ, ಅಲ್ಲಿಂದ ತೊಡಗಿ. ಸತ್ತವರ ಬಗ್ಗೆ ಆ ಪುಟದಲ್ಲಿ ಒಂದು ಮಾತನ್ನೂ ಬರೆಯಬೇಡಿ. ಎರಡನೆಯ ಪುಟದಲ್ಲಿ ತಂಡದ ಯಾರಾದರೂ, ನಿಮ್ಮ ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಲಿ. ಆ ಮಗು ಏನು ಉತ್ತರ ಕೊಡುತ್ತದೆ, ಅದರಲ್ಲಿ ಎಷ್ಟು ನಿಜ ಎಂಬುದನ್ನು ನೀವು ತೀರ್ಮಾನಿಸಬೇಕು.