ಉರಿಬಿಸಿಲಿನಲ್ಲಿ ಮೊಟ್ಟೆಯ ಕಾವು

ಹಕ್ಕಿಯು ಮೊಟ್ಟೆಗಳ ಮೇಲೆ ಕುಳಿತು ಶಾಖ ಕೊಡುವುದನ್ನು ನಾವು ಕಾವು ಎನ್ನುತ್ತೇವೆ. ಆದರೆ ಕೆಲವು ವೇಳೆ ಅದು ಮೊಟ್ಟೆಗಳನ್ನು ತಣ್ಣಗಿಡುವುದಕ್ಕಾಗಿಯೇ ಕೂರಬೇಕಾಗುತ್ತದೆ. ನಮ್ಮ ಕೆರೆಯಂಗಳಗಳಲ್ಲಿಯೂ ಹೊಲಗಳಲ್ಲಿಯೂ ವಾಸಿಸುವ ಕೆಂಪು ಟಿಟ್ಟಿಭವು ಇದಕ್ಕೆ ಒಳ್ಳೆಯ ನಿದರ್ಶನ.

ಕಪ್ಪು ತಲೆ ಮತ್ತು ಎದೆ, ಕಂಚುಗಂದು ಬೆನ್ನು, ಬಿಳಿಯ ಹೊಟ್ಟೆ, ನೀಳವಾದ ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ತೊಗಲು—ಇವು ಈ ಹಕ್ಕಿಯ ಗುರುತುಗಳು. ಮೊಟ್ಟೆಗಳಿಗಾಗಿ ಸಮುದ್ರದೊಡನೆ ಸೆಣಸಿದ ಟಿಟ್ಟಿಭದ ಕಥೆ ಪಂಚತಂತ್ರದಲ್ಲಿದೆ. ಇದು ಮರದಲ್ಲಿ ಗೂಡು ಕಟ್ಟುವುದಿಲ್ಲ. ಬಯಲಿನಲ್ಲಿ ಸಣ್ಣ ತಗ್ಗು ಮಾಡಿ, ಸುತ್ತಲೂ ಕೆಲವು ಕಲ್ಲುಹರಳುಗಳನ್ನಿಟ್ಟು, ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಕಪ್ಪು ಮಚ್ಚೆಗಳುಳ್ಳ ಆ ಮೊಟ್ಟೆಗಳು ಮಣ್ಣಿನೊಡನೆ ಬೆರೆತುಹೋಗುವುದರಿಂದ ಹತ್ತಿರದಲ್ಲಿದ್ದರೂ ಕಾಣುವುದು ಕಷ್ಟ. ಅವುಗಳ ಚೂಪು ತುದಿಗಳು ನಡುವಿಗೆ ಸೇರಿರುವುದರಿಂದ ನಾಲ್ಕೂ ಒಂದೇ ಒಡಲಿನಡಿ ಅಡಗುತ್ತವೆ. ಗಂಡುಹೆಣ್ಣುಗಳೆರಡೂ ಸರದಿಯಂತೆ ಸುಮಾರು ನಾಲ್ಕು ವಾರ ಕಾವು ಕೂರುತ್ತವೆ.

ಮೊಟ್ಟೆಯೊಳಗಿನ ಭ್ರೂಣವು ಚೆನ್ನಾಗಿ ಬೆಳೆಯಲು ಸುಮಾರು 36ರಿಂದ 38 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಬೇಕು. ಹಕ್ಕಿಯ ಮೈಯ ಉಷ್ಣತೆ 40 ಡಿಗ್ರಿಯಷ್ಟಿರುವುದರಿಂದ ತಂಪಾದ ರಾತ್ರಿಯಲ್ಲಿ ಶಾಖವು ಮೈಯಿಂದ ಮೊಟ್ಟೆಗೆ ಹರಿಯುತ್ತದೆ. ಆದರೆ ಬೇಸಗೆಯ ನಡುಹಗಲಿನಲ್ಲಿ ಬರಿನೆಲದ ಉಷ್ಣತೆ 50 ಡಿಗ್ರಿಯನ್ನೂ ಮೀರಬಹುದು. ಭ್ರೂಣವು ತಂಪನ್ನು ಕೆಲಕಾಲ ತಾಳಿಕೊಳ್ಳಬಲ್ಲದು; ಅತಿಯಾದ ಬಿಸಿಯನ್ನು ತಾಳಲಾರದು. ಆಗ ಹಕ್ಕಿಯೇನು ಮಾಡಬೇಕು?

ಮೊದಲನೆಯದಾಗಿ, ಅದು ಮೊಟ್ಟೆಗಳ ಮೇಲೆ ನಿಂತು ನೆರಳು ಕೊಡುತ್ತದೆ. ಅದೂ ಸಾಲದಾದಾಗ ನೀರಿರುವಲ್ಲಿಗೆ ಹೋಗಿ, ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ಈ ಉಪಾಯದ ತತ್ತ್ವವು ನಮ್ಮ ಮನೆಯ ಮಣ್ಣಿನ ಹೂಜಿಯಲ್ಲಿಯೂ ಇದೆ. ನೀರು ಆವಿಯಾಗಬೇಕಾದರೆ ಸುತ್ತಲಿನ ವಸ್ತುಗಳಿಂದ ಶಾಖವನ್ನು ಹೀರಿಕೊಳ್ಳಬೇಕು, ಇದೇ ಗುಪ್ತೋಷ್ಣ. 35 ಡಿಗ್ರಿಯ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. 58 ಗ್ರಾಂ ನೀರನ್ನು 10 ಡಿಗ್ರಿ ತಣ್ಣಗಾಗಿಸಲು ಅದರಿಂದ ತೆಗೆಯಬೇಕಾದ ಶಾಖವೂ ಇಷ್ಟೇ! ಈ ಶಾಖವೆಲ್ಲವೂ ಮೊಟ್ಟೆಗಳಿಂದಲೇ ಬರುವುದಿಲ್ಲ. ಗಾಳಿ, ನೆಲ, ಹಕ್ಕಿಯ ಮೈ ಇವೂ ತಮ್ಮ ಪಾಲನ್ನು ಕೊಡುತ್ತವೆ. ಆದರೂ ಗರಿಗಳಲ್ಲಿ ತಂದ ಅಲ್ಪ ಜಲವು ಎಷ್ಟು ಬೆಲೆಯುಳ್ಳದ್ದೆಂಬುದು ಇದರಿಂದ ತಿಳಿಯುತ್ತದೆ. ಗಾಳಿ ಒಣದಾಗಿದ್ದಷ್ಟೂ ನೀರು ಬೇಗ ಆರುತ್ತದೆ, ತಂಪೂ ಹೆಚ್ಚುತ್ತದೆ. ಆದರೆ ಹಕ್ಕಿಯು ಅಷ್ಟೇ ಬೇಗ ಮತ್ತೆ ನೀರಿಗೆ ಓಡಬೇಕಾಗುತ್ತದೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಎರಡು ಉಷ್ಣತಾಮಾಪಕಗಳನ್ನು ನೆರಳಿನಲ್ಲಿ ತೂಗುಹಾಕಿ, ಒಂದರ ಬುರುಡೆಗೆ ಒದ್ದೆಬಟ್ಟೆ ಸುತ್ತಿ ನೋಡಿರಿ. ಒಣಹವೆಯ ದಿನ ಅದರ ಅಂಕ ಹಲವು ಡಿಗ್ರಿ ಇಳಿಯುವುದು.

ಬಯಲಿನಲ್ಲಿ ಟಿಟ್ಟಿಭವು ಕೂಗುತ್ತ ನಿಮ್ಮ ತಲೆಯ ಮೇಲೆ ಸುತ್ತಿದರೆ, ಮೊಟ್ಟೆಗಳು ಸಮೀಪದಲ್ಲಿವೆಯೆಂದು ತಿಳಿಯಿರಿ. ಹುಡುಕುತ್ತ ಅಲ್ಲಿ ನಿಲ್ಲಬೇಡಿರಿ. ಎಚ್ಚರಿಕೆಯಿಂದ ಬಂದ ದಾರಿಯಲ್ಲೇ ಹಿಂದಿರುಗಿ ದೂರದಿಂದ ನೋಡಿರಿ. ನಡುಹಗಲಿನಲ್ಲಿ ನಾವು ಅಲ್ಲಿ ಕಳೆಯುವ ಪ್ರತಿಯೊಂದು ನಿಮಿಷವೂ ಆ ಮೊಟ್ಟೆಗಳು ನೆರಳಿಲ್ಲದೆ ಕಾಯುವ ನಿಮಿಷ.