ಹೊಲದ ಅಕ್ಕಿಗೆ ಮೊಬೈಲಿನಲ್ಲಿ ಗಿರಾಕಿ: ಹೊಸದಾಗಿ ಪ್ರಾರಂಭಿಸುವವರಿಗೆ ಕೆಲವು ಸೂಚನೆಗಳು

ಭದ್ರಾ ಅಚ್ಚುಕಟ್ಟಿಗೆ ಸೇರಿದ ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳಲ್ಲಿ ಭತ್ತ ಮುಖ್ಯ ಬೆಳೆ. ಮಳೆಗಾಲದ ಬೆಳೆ ನವೆಂಬರ್-ಡಿಸೆಂಬರ್ ತಿಂಗಳುಗಳಲ್ಲಿ, ಬೇಸಿಗೆ ಬೆಳೆ ಮೇ ತಿಂಗಳ ಸುಮಾರಿಗೆ ಕೊಯ್ಲಿಗೆ ಬರುತ್ತದೆ. ಎಲ್ಲರ ಭತ್ತವೂ ಒಂದೇ ಸಲ ಮಾರುಕಟ್ಟೆಗೆ ಬರುವುದರಿಂದ ಧಾರಣೆ ಬೀಳುವುದೂ ಆಗಲೇ. ಒಣಗಿಸಲು ಜಾಗವಿಲ್ಲ, ಮೋಡ ಕವಿದಿದೆ, ಸಾಲದ ಕಂತು ಕಟ್ಟಬೇಕು. ಹೀಗಾಗಿ ಹಸಿ ಭತ್ತವನ್ನೇ ಕೊಟ್ಟು ಕೈತೊಳೆದುಕೊಳ್ಳುವ ರೈತರು ಬಹಳ. ಅದೇ ಭತ್ತ ಅಕ್ಕಿಯಾಗಿ ಪೇಟೆಯ ಅಂಗಡಿ ಸೇರಿದಾಗ ಅದರ ಬೆಲೆಯೇ ಬೇರೆ.

ಈಚಿನ ವರ್ಷಗಳಲ್ಲಿ ಕೆಲವು ರೈತರು, ಅದರಲ್ಲೂ ಓದಿದ ತರುಣರು, ತಮ್ಮ ಅಕ್ಕಿಯನ್ನು ಮೊಬೈಲ್ ಮೂಲಕ ನೇರವಾಗಿ ಮನೆಗಳಿಗೆ ಮಾರಲು ಮುಂದಾಗಿದ್ದಾರೆ. ಇದು ಸ್ವಾಗತಾರ್ಹ. ಆದರೆ ಹೆಚ್ಚಿನವರು ಮೊದಲು ಹೆಸರು, ಚಿತ್ರ, ಜಾಹೀರಾತುಗಳಿಗೆ ಹಣ ಹಾಕಿ, ಅಕ್ಕಿಯ ಲೆಕ್ಕವನ್ನು ಆಮೇಲೆ ಮಾಡುತ್ತಾರೆ. ಕ್ರಮ ಇದಕ್ಕೆ ತಿರುಗಾಮುರುಗಾ ಆಗಬೇಕು. ಹೊಸ ತಳಿಯನ್ನು ಇಡೀ ಹೊಲಕ್ಕೆ ಹಾಕುವ ಮೊದಲು ಒಂದು ಮಡಿಯಲ್ಲಿ ಹಾಕಿ ನೋಡುತ್ತೇವೆ. ಹೊಸ ಮಾರಾಟವನ್ನೂ ಹಾಗೆಯೇ ನೋಡತಕ್ಕದ್ದು.

ಇಲ್ಲಿ ಹೇಳುತ್ತಿರುವುದು ಸಗಟು ಮಾರಾಟದ ಮಾತಲ್ಲ. ಕರ್ನಾಟಕದಲ್ಲಿ 2014ರಲ್ಲಿ ಪ್ರಾರಂಭವಾದ ಏಕೀಕೃತ ಮಾರುಕಟ್ಟೆ ವ್ಯವಸ್ಥೆ, 2016ರಲ್ಲಿ ಕೇಂದ್ರ ಸರ್ಕಾರ ತಂದ ಇ-ನಾಮ್, ಇವು ಎ.ಪಿ.ಎಂ.ಸಿ. ಪ್ರಾಂಗಣದ ಹರಾಜನ್ನು ಗಣಕಯಂತ್ರಕ್ಕೆ ತಂದವು. ಈ ಲೇಖನದ ವಿಷಯ ಚಿಲ್ಲರೆ ಮಾರಾಟ, ಅಂದರೆ ರೈತನಿಂದ ಉಣ್ಣುವವರ ಮನೆಗೆ.

ಎಷ್ಟು ಗಿರಾಕಿಗಳು ಬೇಕು?

ಮೊಬೈಲಿನಲ್ಲಿ ಸಾವಿರಾರು ಜನ ನೋಡಿದರೆ ಮಾತ್ರ ವ್ಯಾಪಾರ ಎಂಬ ಭಾವನೆ ಇದೆ. ಲೆಕ್ಕ ಹಾಕಿ ನೋಡೋಣ. ಒಂದು ಮನೆಗೆ ತಿಂಗಳಿಗೆ 15 ಕಿಲೋ ಅಕ್ಕಿ ಬೇಕು ಎಂದಿಟ್ಟುಕೊಳ್ಳಿ. 25 ಮನೆಗಳಿಗೆ 375 ಕಿಲೋ. ಒಂದು ಕ್ವಿಂಟಾಲ್ ಭತ್ತಕ್ಕೆ 55 ಕಿಲೋ ಇಡೀ ಅಕ್ಕಿ ಎಂದು ಹಿಡಿದರೆ ತಿಂಗಳಿಗೆ ಸುಮಾರು 7 ಕ್ವಿಂಟಾಲ್, ವರ್ಷಕ್ಕೆ 80 ಕ್ವಿಂಟಾಲಿಗೂ ಮಿಕ್ಕಿ ಭತ್ತ ಬೇಕಾಗುತ್ತದೆ. ಎಕರೆಗೆ 22ರಿಂದ 25 ಕ್ವಿಂಟಾಲ್ ಬೆಳೆಯುವವನಿಗೆ ಇದು ಮೂರೂವರೆ ಎಕರೆಯ ಒಂದು ಬೆಳೆ.

ಅಂದರೆ ಸಣ್ಣ ರೈತನಿಗೆ ಬೇಕಾದುದು ಸಾವಿರ ಮೆಚ್ಚುಗೆಯಲ್ಲ, ತಪ್ಪದೆ ಕೊಳ್ಳುವ ಇಪ್ಪತ್ತೈದು ಮನೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕೆಲಸಗಳೆಲ್ಲ ಸುಲಭವಾಗುತ್ತವೆ.

ಬೆಲೆ ನಿಗದಿ

2025-26ನೇ ಸಾಲಿನ ಮುಂಗಾರು ಹಂಗಾಮಿಗೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ ರೂ. 2,369. ಇದನ್ನೇ ಆಧಾರವಾಗಿ ಹಿಡಿದು ಒಂದು ಕ್ವಿಂಟಾಲಿನ ಖರ್ಚು ನೋಡಬಹುದು. ಉಳಿದ ಅಂಕಿಗಳು ಲೆಕ್ಕದ ರೀತಿ ತೋರಿಸಲು ಹಿಡಿದವು. ಆಯಾ ರೈತರು ತಮ್ಮ ಊರಿನ ದರ ಹಾಕಿಕೊಳ್ಳಬೇಕು.

ಭತ್ತದ ಬೆಲೆ: ರೂ. 2,369
ಒಣಗಿಸುವುದು, ಗಿರಣಿಗೆ ಸಾಗಣೆ: ರೂ. 80
ಗಿರಣಿ ಕೂಲಿ: ರೂ. 150
5 ಕಿಲೋದ 11 ಚೀಲ, ತಲಾ ರೂ. 12ರಂತೆ: ರೂ. 132
ಮನೆಗೆ ತಲುಪಿಸುವುದು, ಚೀಲಕ್ಕೆ ರೂ. 20ರಂತೆ: ರೂ. 220
ಮಾದರಿ, ನಷ್ಟ: ರೂ. 100
ಆರಿಸಿ ತುಂಬುವ ಆಳು: ರೂ. 150
ಒಟ್ಟು: ರೂ. 3,201

ಇದರಲ್ಲಿ 10 ಕಿಲೋ ನುಚ್ಚನ್ನು ಕಿಲೋಗೆ ರೂ. 25ರಂತೆ ಮಾರಿ ಬಂದ ರೂ. 250 ಕಳೆದರೆ ಉಳಿಯುವುದು ರೂ. 2,951. ಇದನ್ನು 55 ಕಿಲೋ ಅಕ್ಕಿಗೆ ಹಂಚಿದರೆ ಕಿಲೋಗೆ ಸುಮಾರು ರೂ. 54 ಬೀಳುತ್ತದೆ. ಇದಕ್ಕಿಂತ ಕಡಿಮೆಗೆ ಮಾರಿದರೆ ನಷ್ಟ. ರೂ. 60ಕ್ಕೆ ಮಾರಿದರೆ ಕಿಲೋಗೆ ರೂ. 6, ಅಂದರೆ ಕ್ವಿಂಟಾಲ್ ಭತ್ತಕ್ಕೆ ರೂ. 330 ಹೆಚ್ಚಿಗೆ ಸಿಕ್ಕಂತಾಯಿತು. ಭತ್ತವನ್ನು ತಿಂಗಳುಗಟ್ಟಲೆ ಇಡುವುದಾದರೆ ಅಷ್ಟು ಹಣದ ಬಡ್ಡಿಯನ್ನೂ ಸೇರಿಸಬೇಕು.

ಮನೆಯವರೇ ದುಡಿದರೂ ಆಳಿನ ಖರ್ಚನ್ನು ಬಿಡಬಾರದು. ಅದನ್ನು ಬಿಟ್ಟು ಬೆಲೆ ಕಟ್ಟಿದವರು, ವ್ಯಾಪಾರ ಬೆಳೆದು ಆಳು ಇಡಬೇಕಾದ ದಿನ ಕೈಸುಟ್ಟುಕೊಳ್ಳುತ್ತಾರೆ.

ಅಕ್ಕಿಯ ಸಿದ್ಧತೆ

1. ಮೊದಲ ವರ್ಷ ಒಂದೇ ತಳಿ, ಒಂದೇ ಅಳತೆಯ ಚೀಲ ಸಾಕು. ಅಕ್ಕಿ, ಬೆಲ್ಲ, ಬೇಳೆ, ಎಣ್ಣೆ ಎಲ್ಲವನ್ನೂ ಒಟ್ಟಿಗೆ ಹಚ್ಚಿಕೊಂಡರೆ ಯಾವುದರ ಗುಣಮಟ್ಟವೂ ಕೈಯಲ್ಲಿ ಉಳಿಯುವುದಿಲ್ಲ.

2. ಭತ್ತದ ತೇವಾಂಶ ಶೇ. 14ಕ್ಕೆ ಇಳಿದ ಮೇಲೆಯೇ ಗಿರಣಿಗೆ ಕೊಡಬೇಕು. ಹೆಚ್ಚು ಕಾಲ ಇಡುವ ಭತ್ತವನ್ನು ಶೇ. 12-13ರ ತನಕ ಒಣಗಿಸುವುದು ಕ್ಷೇಮ. ಸುಡು ಬಿಸಿಲಿನಲ್ಲಿ ತೆಳ್ಳಗೆ ಹರವಿ ಒಂದೇ ದಿನಕ್ಕೆ ಒಣಗಿಸಿದರೆ ಕಾಳು ಬಿರಿದು ನುಚ್ಚು ಹೆಚ್ಚಾಗುತ್ತದೆ.

3. ಸಂಗ್ರಹವನ್ನು ಭತ್ತದ ರೂಪದಲ್ಲಿಯೇ ಇಡಿ. ಅಕ್ಕಿಗೆ ಬೇಗ ಹುಳು ಬೀಳುತ್ತದೆ. ಬಂದ ಬೇಡಿಕೆ ನೋಡಿಕೊಂಡು ಹದಿನೈದು ದಿನಕ್ಕೊಮ್ಮೆ ಗಿರಣಿ ಮಾಡಿಸುವುದು ಒಳ್ಳೆಯದು. ಒಂದು ಚೀಲದಲ್ಲಿ ಹುಳು ಕಂಡರೆ ಆ ಬೀದಿಯ ಗಿರಾಕಿಗಳೆಲ್ಲ ಹೋದಂತೆ.

4. ಪೇಟೆಯವರು ಹಳೆ ಅಕ್ಕಿ ಕೇಳುತ್ತಾರೆ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ. ಕೊಯ್ಲಿನ ತಿಂಗಳನ್ನು ಚೀಲದ ಮೇಲೆ ಬರೆದು, ಹೊಸ ಅಕ್ಕಿಯಾದರೆ ನೀರು ಕಡಿಮೆ ಇಡಲು ತಿಳಿಸಿ. ಮುಚ್ಚಿಟ್ಟು ಮಾರಿದರೆ ದೂರು; ಹೇಳಿ ಮಾರಿದರೆ ವಿಶ್ವಾಸ.

5. ನುಚ್ಚನ್ನು ಅಕ್ಕಿಯಲ್ಲಿ ಬೆರೆಸದೆ, ಅದನ್ನು ಕೇಳುವವರಿಗೆ ಬೇರೆಯಾಗಿ ಕೊಡಬೇಕು.

ಕಾನೂನಿನ ಅಗತ್ಯಗಳು

ಚೀಲ ಮಾಡಿ ಮಾರುವ ಅಕ್ಕಿಗೆ ಎಫ್.ಎಸ್.ಎಸ್.ಎ.ಐ. ನೋಂದಣಿ ಮಾಡಿಸಿ, ಅವರು ಕೊಡುವ 14 ಅಂಕಿಗಳ ಸಂಖ್ಯೆಯನ್ನು ಚೀಲದ ಮೇಲೆ ಅಚ್ಚು ಹಾಕಿಸಬೇಕು. ಪದಾರ್ಥದ ಹೆಸರು, ಚೀಲ ತುಂಬಿದವರ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ತುಂಬಿದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಫೋನ್ ಸಂಖ್ಯೆ, ಇವಿಷ್ಟೂ ಚೀಲದ ಮೇಲಿರಬೇಕು. 2022ರ ಜುಲೈ 18ರಿಂದ, ಮೊದಲೇ ತೂಗಿ ಚೀಟಿ ಹಚ್ಚಿದ 25 ಕಿಲೋವರೆಗಿನ ಅಕ್ಕಿ ಚೀಲಗಳನ್ನು ಶೇ. 5ರ ಜಿ.ಎಸ್.ಟಿ.ಗೆ ಒಳಪಡಿಸಲಾಗಿದೆ. ತಮ್ಮ ವಹಿವಾಟಿಗೆ ಅದು ಅನ್ವಯಿಸುತ್ತದೆಯೇ ಎಂಬುದನ್ನು ಪ್ರಾರಂಭದಲ್ಲೇ ತೆರಿಗೆ ಸಲಹೆಗಾರರಲ್ಲಿ ಕೇಳಿ, ಅನ್ವಯಿಸುವುದಾದರೆ ಬೆಲೆಯ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಮೊಬೈಲಿನ ಅಂಗಡಿ

ಪ್ರಾರಂಭಕ್ಕೆ ಹಣ ಕೊಡಬೇಕಾದ ಯಾವ ಸಾಧನವೂ ಬೇಕಿಲ್ಲ. 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಒಂದೇ ಸಾಕು. ಇದಕ್ಕೆ ಮನೆಯವರು ಬಳಸದ ಬೇರೆ ಫೋನ್ ಸಂಖ್ಯೆ ಇಡುವುದು ಉತ್ತಮ. ಅದರಲ್ಲಿ ಪದಾರ್ಥದ ಚಿತ್ರ ಮತ್ತು ಬೆಲೆ ತೋರಿಸುವ ಪಟ್ಟಿ ಮಾಡಬಹುದು. ಒಂದು ಪ್ರಸಾರ ಪಟ್ಟಿಯಲ್ಲಿ 256 ಜನರ ತನಕ ಸೇರಿಸಿ ಒಂದೇ ಸಲ ಸಂದೇಶ ಕಳಿಸಬಹುದು. ಆದರೆ ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಆದ್ದರಿಂದ ಮೊದಲ ಚೀಲ ಕೊಡುವಾಗಲೇ ಸಂಖ್ಯೆ ಉಳಿಸಿಕೊಳ್ಳಲು ಹೇಳಿ. ಗೂಗಲ್ ನಕ್ಷೆಯಲ್ಲಿ ನಿಮ್ಮ ಮಾರಾಟದ ಸ್ಥಳವನ್ನು ಉಚಿತವಾಗಿ ನೋಂದಾಯಿಸಬಹುದು.

ಚಿತ್ರಗಳು ನಿಮ್ಮ ಹೊಲದವೇ ಆಗಿರಲಿ. ನಾಟಿ, ಕೊಯ್ಲು, ಒಣಗಿಸುವ ಕಣ, ಗಿರಣಿ, ಅಂಗೈಯಲ್ಲಿ ಹಿಡಿದ ಅಕ್ಕಿ, ಬಡಿಸಿದ ಅನ್ನ: ಈ ಆರು ಚಿತ್ರಗಳು ಸಾಕು. ಬೇರೆಯವರ ಚಿತ್ರ ಹಾಕಿದರೆ ಊರಿಗೆ ಬಂದು ನೋಡಿದ ಗಿರಾಕಿ ಮತ್ತೆ ಬರುವುದಿಲ್ಲ.

ಪ್ರಚಾರ ಮಾಡುವ ಬಗೆ

ಈ ವಿಷಯದಲ್ಲಿ ನಮ್ಮ ರಾಜ್ಯದ ಎರಡು ಉದಾಹರಣೆಗಳು ಉಪಯುಕ್ತ. ಮೊದಲನೆಯದು ಮಾವಿನದು. ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು 2019ರಲ್ಲಿ ಅಂಚೆ ಇಲಾಖೆಯೊಡನೆ ಸೇರಿ, ಆನ್‌ಲೈನಿನಲ್ಲಿ ಬೇಡಿಕೆ ಪಡೆದು 3 ಕಿಲೋ ಪೆಟ್ಟಿಗೆಗಳಲ್ಲಿ ಬೆಂಗಳೂರಿನ ಮನೆಗಳಿಗೆ ಹಣ್ಣು ತಲುಪಿಸುವ ವ್ಯವಸ್ಥೆ ಮಾಡಿತು. ಅಳತೆ ಗೊತ್ತು, ಬೇಡಿಕೆ ಮುಂಚಿತ, ತಲುಪಿಸುವವರು ಗೊತ್ತು. ತಲುಪಿಸಲು ಆಗುವಷ್ಟನ್ನೇ ಸಾರಬೇಕು ಎಂಬ ಪಾಠ ಇದರಲ್ಲಿದೆ.

ಎರಡನೆಯದು ಬಾಳೆಕಾಯಿಯದು. 2021ರಲ್ಲಿ ಬಾಳೆಯ ಬೆಲೆ ಕುಸಿದಾಗ, ಪುತ್ತೂರಿನ 'ಅಡಿಕೆ ಪತ್ರಿಕೆ'ಯ ಶ್ರೀ ಪಡ್ರೆಯವರ ಮುಂದಾಳುತನದಲ್ಲಿ ಬಾಳೆಕಾಯಿ ಹುಡಿ ಮಾಡುವ ಆಂದೋಲನ ವಾಟ್ಸಾಪ್ ಮೂಲಕ ಹಬ್ಬಿತು. 'ಬಾಕಾಹು' ಎಂಬ ಚಿಕ್ಕ ಹೆಸರು ಎಲ್ಲರ ಬಾಯಲ್ಲಿ ನಿಂತಿತು. ಉತ್ತರ ಕನ್ನಡ, ದಕ್ಷಿಣ ಕನ್ನಡ ಕಡೆಯ ಗೃಹಿಣಿಯರು ಹುಡಿ ಮಾಡಿ, ಅದರಿಂದ ಮಾಡಿದ ತಿಂಡಿಗಳ ಚಿತ್ರಗಳನ್ನು ಹಂಚಿಕೊಂಡರು. ಪದಾರ್ಥವನ್ನು ಹೊಗಳುವುದಕ್ಕಿಂತ ಬಳಸುವುದನ್ನು ಕಲಿಸುವುದು ದೊಡ್ಡ ಪ್ರಚಾರ ಎಂಬುದು ಇಲ್ಲಿನ ಪಾಠ.

ನಮ್ಮ ಭಾಗಕ್ಕೆ ಇದನ್ನು ಹೀಗೆ ಅಳವಡಿಸಬಹುದು. ಮಲೇಬೆನ್ನೂರು ಕಡೆಯ ಒಬ್ಬ ರೈತ ಎಂದಿಟ್ಟುಕೊಳ್ಳಿ. ರಾಜ್ಯಕ್ಕೆಲ್ಲ ಮಾರುವ ಯೋಚನೆ ಬಿಟ್ಟು, ಹರಿಹರದ ಒಂದು ಬೀದಿ ಮತ್ತು ದಾವಣಗೆರೆಯ ಒಂದು ಬಡಾವಣೆಯನ್ನು ಆರಿಸಿಕೊಳ್ಳಲಿ. ಎರಡೂ ಊರುಗಳ ನಡುವೆ ಸುಮಾರು 14 ಕಿ.ಮೀ. ಮಾತ್ರ ಅಂತರ, ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ಗುರುತಿನ ಹತ್ತು ಮನೆಗಳಿಗೆ ಅರ್ಧ ಕಿಲೋ ಮಾದರಿ ಕೊಟ್ಟು, ವಾರದ ನಂತರ ಅನ್ನ ಹೇಗಾಯಿತೆಂದು ಕೇಳಲಿ. ತಿಂಗಳಲ್ಲಿ ಎರಡು ಭಾನುವಾರ ಮಾತ್ರ ತಲುಪಿಸುವುದಾಗಿ ತಿಳಿಸಿ, ಆ ದಿನ ತಪ್ಪದಿರಲಿ. ವಾರಕ್ಕೊಂದು ಸಂದೇಶ ಸಾಕು: ಒಂದು ವಾರ ಬೆಳೆಯ ಸ್ಥಿತಿ, ಇನ್ನೊಂದು ವಾರ ನೀರಿನ ಅಳತೆ, ಮತ್ತೊಂದು ವಾರ ಅಕ್ಕಿ ಕೆಡದಂತೆ ಇಡುವ ಬಗೆ. ದಿನಾ ಕಳಿಸುವ ಶುಭೋದಯದಿಂದ ಅಕ್ಕಿ ಮಾರುವುದಿಲ್ಲ.

ಪ್ರಚಾರದಲ್ಲಿ ಸುಳ್ಳು ಬೆರೆಯಬಾರದು. ಯೂರಿಯಾ ಹಾಕಿ ಬೆಳೆದುದನ್ನು ಸಾವಯವ ಎನ್ನುವುದು, ಆರ್.ಎನ್.ಆರ್. 15048ರಂಥ ತಳಿಯ ಅಕ್ಕಿ ಉಂಡರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎನ್ನುವುದು, ಇವು ಕಾನೂನಿಗೂ ವಿರುದ್ಧ, ಉಣ್ಣುವವರ ಆರೋಗ್ಯಕ್ಕೂ ಅಪಾಯ. ಅಂಥ ಮಾತು ನಂಬಿ ಯಾರಾದರೂ ಔಷಧಿ ಬಿಟ್ಟರೆ ಹೊಣೆ ಯಾರದು?

ಹಣ ಕೊಟ್ಟು ಜಾಹೀರಾತು

ಜಾಹೀರಾತಿಗೆ ರೂ. 1,000 ಹಾಕಿದಿರಿ, 40 ಜನ ವಿಚಾರಿಸಿದರು, 4 ಮನೆಯವರು ಕೊಂಡರು ಎನ್ನೋಣ. ಒಂದು ಮನೆಗೆ ರೂ. 250 ಖರ್ಚಾಯಿತು. ಮೇಲಿನ ಲೆಕ್ಕದಂತೆ 5 ಕಿಲೋ ಚೀಲದಲ್ಲಿ ಉಳಿಯುವುದು ರೂ. 30. ಹಾಕಿದ ಹಣ ಮರಳಿ ಬರಲು ಆ ಮನೆ 9 ಚೀಲ ಕೊಳ್ಳಬೇಕು, ಅಂದರೆ ಮೂರು ತಿಂಗಳು ನಿಮ್ಮಲ್ಲಿಯೇ ನಿಲ್ಲಬೇಕು. ಮೊದಲ ಚೀಲಕ್ಕೇ ಬಿಟ್ಟುಹೋದರೆ ರೂ. 220 ನಷ್ಟ. ಹೊಸ ಗಿರಾಕಿ ಬಿತ್ತನೆಬೀಜ. ಮತ್ತೆ ಬರುವ ಗಿರಾಕಿಯೇ ಬೆಳೆ. ಆದ್ದರಿಂದ ಮೊದಲ ಗಿರಾಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮತ್ತೆ ಕೊಳ್ಳುವ ತನಕ ಜಾಹೀರಾತಿಗೆ ಹಣ ಹಾಕಬಾರದು. ಒಂದು ವಾರದಲ್ಲಿ ಸಾವಿರಾರು ಹಿಂಬಾಲಕರನ್ನು ಕೊಡಿಸುತ್ತೇವೆ ಎಂದು ಹಣ ಕೇಳುವವರಿಂದ ದೂರವಿರಿ. ಅಂಥವರಲ್ಲಿ ಅಕ್ಕಿ ಕೊಳ್ಳುವವರು ಇರುವುದಿಲ್ಲ.

ಹಣ ಪಡೆಯುವಾಗ ಎಚ್ಚರ

ಯು.ಪಿ.ಐ. ಮೂಲಕ ಹಣ ಪಡೆಯಲು ಗುಪ್ತಸಂಖ್ಯೆ ಒತ್ತಬೇಕಾಗಿಲ್ಲ, ಎದುರಿನವರು ಕಳಿಸಿದ ಕ್ಯೂ.ಆರ್. ಸಂಕೇತವನ್ನು ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ. ದೊಡ್ಡ ಬೇಡಿಕೆ ಕೊಟ್ಟು, ಮುಂಗಡ ಕಳಿಸುತ್ತೇನೆ, ಇದನ್ನು ಒತ್ತಿರಿ ಎನ್ನುವವರು ವಂಚಕರು. ಹಣ ಬಂತೆಂದು ತೋರಿಸುವ ಚಿತ್ರವನ್ನು ನಂಬದೆ ಬ್ಯಾಂಕ್ ಖಾತೆಯನ್ನೇ ನೋಡಿ. ಮೋಸವಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ದಾಖಲೆ

ಒಂದು ನೋಟು ಪುಸ್ತಕದಲ್ಲಿ ಐದು ಅಂಕಣ ಹಾಕಿ: ಗಿರಾಕಿಯ ಹೆಸರು, ತಿಳಿದುಬಂದ ಬಗೆ, ಕೊಂಡ ದಿನ, ಮತ್ತೆ ಕೊಂಡ ದಿನ, ದೂರು. ಮೂರು ತಿಂಗಳಿಗೆ ಈ ಪುಸ್ತಕವೇ ದಾರಿ ತೋರಿಸುತ್ತದೆ. ಮತ್ತೆ ಕೊಂಡವರು ಅರ್ಧಕ್ಕಿಂತ ಕಡಿಮೆ ಇದ್ದರೆ ಪ್ರಚಾರ ಹೆಚ್ಚಿಸಬೇಡಿ. ಅಕ್ಕಿಯನ್ನೋ ಬೆಲೆಯನ್ನೋ ತಲುಪಿಸುವ ಕ್ರಮವನ್ನೋ ಸರಿಪಡಿಸಿ. ಹೆಚ್ಚಿದ್ದರೆ, ಅವರಿಂದಲೇ ಇನ್ನೊಬ್ಬರ ಹೆಸರು ಕೇಳಿ ಪಡೆಯಿರಿ.

ಪ್ರಾರಂಭದಲ್ಲಿ ಬೆಳೆಯ ನಾಲ್ಕನೇ ಒಂದು ಭಾಗವನ್ನು ಮಾತ್ರ ಈ ಮಾರಾಟಕ್ಕೆ ಇಟ್ಟು, ಉಳಿದುದನ್ನು ಎಂದಿನಂತೆ ಮಾರುವುದು ಕ್ಷೇಮ. ಇಪ್ಪತ್ತೈದು ಮನೆ ಗಟ್ಟಿಯಾದ ಮೇಲೆ ನೆರೆಯ ರೈತರನ್ನು ಸೇರಿಸಿಕೊಂಡು ಒಂದೇ ತಳಿ, ಒಂದೇ ಗುಣಮಟ್ಟದಲ್ಲಿ ಮುಂದುವರಿಯಬಹುದು. ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯಲ್ಲಿ ಆಸಕ್ತಿಯುಳ್ಳ ಇಬ್ಬರು ಮೂವರು ರೈತರನ್ನು ಆರಿಸಿ, ಈ ಪುಸ್ತಕವನ್ನು ತಿಂಗಳಿಗೊಮ್ಮೆ ನೋಡಿ ಸಲಹೆ ಕೊಟ್ಟರೆ ಒಳ್ಳೆಯ ಪ್ರಾತ್ಯಕ್ಷಿಕೆಯಾಗುತ್ತದೆ. ಒಣಗಿಸುವಿಕೆ, ಸಂಗ್ರಹಣೆ ಮತ್ತು ತಳಿಗಳ ಬಗ್ಗೆ ಹೆಚ್ಚಿನ ತಿಳಿವಳಿಕೆಗೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಕಾಣಬಹುದು.